ಬಯಾಪ್ಸಿ ಬೇಡ ಅಂದವರು

"ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತಂತೆ, ಹೌದಾ?" ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಬಯಾಪ್ಸಿಗೆ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಹೆದರಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಗಂಡಸರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅರವತ್ತು ದಾಟಿದವರು. ಪಿಎಸ್‌ಎ ಎಂಬ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆಯಲ್ಲಿ ಎರಡು ಸಲವೂ ಜಾಸ್ತಿ ಬಂದಿತ್ತು. ಅಣ್ಣನಿಗೂ ಇದೇ ಕ್ಯಾನ್ಸರ್ ಆಗಿತ್ತು. ಆದರೂ ತಿಂಗಳುಗಟ್ಟಲೆ ಮುಂದೂಡಿದ್ದರು. ರಿಪೋರ್ಟನ್ನು ಎಷ್ಟು ಸಲ ಮಡಚಿ ಬಿಚ್ಚಿದ್ದರೆಂದರೆ, ಮಡಿಕೆಯ ಮೇಲಿದ್ದ ಅಂಕಿ ಅಳಿಸಿಹೋಗುವಂತಿತ್ತು.

ಪ್ರಾಸ್ಟೇಟ್‌ನಲ್ಲಿ ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ ಎಂದು ಮೊದಲ ಭೇಟಿಯಲ್ಲೇ ಹೇಳಿದೆ. ತಲೆಯಾಡಿಸಿದರು, ಒಪ್ಪಲಿಲ್ಲ. ಮುಂದಿನ ಸಲ ಸುಮ್ಮನೆ ಕೂತಿದ್ದ ಅವರ ಹೆಂಡತಿ ಬಾಯಿಬಿಟ್ಟರು: "ಇವರು ಸೂಜಿಗೆ ಹೆದರೋರಲ್ಲ ಮೇಡಂ. ಎಷ್ಟೋ ವರ್ಷ ರಕ್ತದಾನ ಮಾಡಿದ್ದಾರೆ."

ನಾನು ಸೂಜಿಯ ಮಾತು ಬಿಟ್ಟೆ. "ಕ್ಯಾನ್ಸರ್ ಅಂತ ರಿಪೋರ್ಟ್ ಬಂದರೆ ಮಾರನೇ ದಿನ ಏನಾಗುತ್ತೆ ಅಂದ್ಕೊಂಡಿದ್ದೀರಿ?"

ತಡವಾಗಿ ಉತ್ತರ ಬಂತು. "ಆಪರೇಷನ್. ಆಮೇಲೆ ಅಣ್ಣನ ಹಾಗೆ ಮೂತ್ರ ನಿಲ್ಲಲ್ಲ, ಪ್ಯಾಡ್ ಹಾಕ್ಕೊಂಡು ಓಡಾಡಬೇಕು. ಗಂಡ ಹೆಂಡತಿ ಅನ್ನೋದೂ ಮುಗೀತು." ಹೆಂಡತಿ ಆ ಮಾತು ಕೇಳಿದ್ದು ಅದೇ ಮೊದಲು.

ಬಯಾಪ್ಸಿ ಮಾಡಿಸಲು ಒಪ್ಪಿದರೆ ಆಪರೇಷನ್ನಿಗೂ ಒಪ್ಪಿದಂತೆ ಎಂದು ಅವರು ನಂಬಿದ್ದರು. ಹಾಗಲ್ಲ. ಕಡಿಮೆ ದರ್ಜೆಯ, ಅಂದರೆ ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್ ಆದರೆ ಎಷ್ಟೋ ಜನರಿಗೆ ತಕ್ಷಣ ಚಿಕಿತ್ಸೆಯೇ ಬೇಡ, ಆಗಾಗ ಪರೀಕ್ಷೆ ಮಾಡಿಸುತ್ತಾ ನಿಗಾ ಇಟ್ಟರೆ ಸಾಕು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಪ್ರಾಸ್ಟೇಟ್ ಬಿಟ್ಟು ಹರಡದ ಕ್ಯಾನ್ಸರ್ ಇದ್ದವರಲ್ಲಿ ನಿಗಾ, ಆಪರೇಷನ್, ರೇಡಿಯೇಷನ್ ಯಾವುದಾದರೂ ಸರಿ, 15 ವರ್ಷದಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಸುಮಾರು 3%.

ಡಾಕ್ಟರನ್ನು ಕೇಳಲು ಎರಡು ಪ್ರಶ್ನೆ ಬರೆದುಕೊಟ್ಟೆ. ಮೊದಲು ಎಂಆರ್‌ಐ ಮಾಡಬಹುದಾ? 500 ಗಂಡಸರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಪ್ರಯೋಗದಲ್ಲಿ ಎಂಆರ್‌ಐ ಗುಂಪಿನ 28% ಜನರಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಆದರೂ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಆ ಗುಂಪಿನ 38% ಜನರಲ್ಲಿ ಪತ್ತೆಯಾಯಿತು, ಸ್ಕ್ಯಾನ್ ಇಲ್ಲದೆ ನೇರ ಬಯಾಪ್ಸಿ ಮಾಡುವ ಹಳೇ ವಿಧಾನದಲ್ಲಿ 26%. ಎಂಆರ್‌ಐ ಎಲ್ಲವನ್ನೂ ಹಿಡಿಯುವುದಿಲ್ಲ, ಅದೂ ನೆನಪಿರಲಿ.

ಇನ್ನೊಂದು, ಸೂಜಿ ಯಾವ ದಾರಿಯಲ್ಲಿ ಹೋಗುತ್ತೆ? ಗುದದ್ವಾರದ ಒಳಗಿಂದ ಚುಚ್ಚಿದರೆ ಕರುಳಿನ ಬ್ಯಾಕ್ಟೀರಿಯಾ ಜೊತೆಗೇ ಹೋಗಬಹುದು, ಅಪರೂಪಕ್ಕೆ ರಕ್ತಕ್ಕೇ ನಂಜೇರುತ್ತದೆ. ವೃಷಣಚೀಲಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದಿಂದ ಚುಚ್ಚಿದರೆ ಸೂಜಿ ಕರುಳನ್ನು ದಾಟುವುದೇ ಇಲ್ಲ. ನೋವು ಸ್ವಲ್ಪ ಜಾಸ್ತಿ ಅನ್ನಿಸಬಹುದು. ಯಾವ ದಾರಿಯಾದರೂ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಬಹುದು. ಅದಕ್ಕೆ ಗಾಬರಿ ಬೇಡ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಬೇಕು.

ಇದೆಲ್ಲ ಡಾಕ್ಟರ ಕೆಲಸ, ಆಪ್ತಸಲಹೆಗಾರರಿಗೆ ಯಾಕೆ ಅಂತ ಕೇಳುವವರಿದ್ದಾರೆ. ಮಾಡಿಸಿ, ಬೇಡ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಹೆದರಿದ ಮನುಷ್ಯ ಡಾಕ್ಟರ ಮುಂದೆ ಪ್ರಶ್ನೆಯನ್ನೇ ಮರೆಯುತ್ತಾನೆ. ಚೀಟಿ ಬರೆದುಕೊಟ್ಟಿದ್ದು ಅದಕ್ಕೇ. ಅಣ್ಣನಿಗೆ ಬಂದಿದ್ದರೆ ತಮ್ಮನಿಗೆ ಬರುವ ಸಾಧ್ಯತೆ ಹೆಚ್ಚು. ಅಂಥವರು ಬರೀ ಭಯದಿಂದ ಪರೀಕ್ಷೆ ತಪ್ಪಿಸಿಕೊಳ್ಳುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ಅವರು ಎಂಆರ್‌ಐ ಮಾಡಿಸಿದರು. ಅನುಮಾನದ ಜಾಗ ಕಂಡಿತು. ಚರ್ಮದ ದಾರಿಯಲ್ಲೇ ಬಯಾಪ್ಸಿ ಆಯಿತು. ಬಂದಿದ್ದು ತೀರಾ ಕಡಿಮೆ ದರ್ಜೆಯ ಕ್ಯಾನ್ಸರ್, ಈಗ ನಿಗಾದಲ್ಲಿದ್ದಾರೆ. ಮಗ ಮಾತ್ರ "ತೆಗೆಸಿಬಿಡಿ ಅಪ್ಪಾ" ಅಂತ ಹಟ ಹಿಡಿದಿದ್ದಾನೆ. ಮುಂದಿನ ಭೇಟಿಗೆ ಅವನನ್ನೂ ಕರೆತರಲು ಹೇಳಿದ್ದೇನೆ.