ಬೆಕ್ಕು ಲೋಟ ಬೀಳಿಸುವುದೇಕೆ?

ಪ್ರಶ್ನೆ: ನಮ್ಮ ಬೆಕ್ಕು ಮೇಜಿನ ಮೇಲಿನ ಪೆನ್ನು, ಲೋಟಗಳನ್ನು ನಮ್ಮ ಮುಖ ನೋಡುತ್ತಲೇ ಒಂದೊಂದಾಗಿ ಕೆಳಕ್ಕೆ ತಳ್ಳುತ್ತದೆ. ಗದರಿದರೆ ಇನ್ನೂ ಜೋರು. ಏನು ಮಾಡಲಿ?

ಉತ್ತರ: ಮೊದಲು ಗದರುವುದನ್ನು ನಿಲ್ಲಿಸಿ. ಅಲುಗಾಡುವ ವಸ್ತುವನ್ನು ಪಂಜದಿಂದ ತಟ್ಟಿ ನೋಡುವುದು ಬೇಟೆಗಾರ ಪ್ರಾಣಿಯ ಸಹಜ ಬುದ್ಧಿ. ಜೊತೆಗೆ, ಲೋಟ ಬಿದ್ದೊಡನೆ ನೀವು ಓಡಿ ಬರುತ್ತೀರೆಂದು ಅದು ಕಲಿತುಬಿಟ್ಟಿದೆ. ನಿಮ್ಮ ಬೈಗುಳವೂ ಅದಕ್ಕೆ ಬಹುಮಾನವೇ. ಒಡೆಯುವಂಥವನ್ನು ಎತ್ತಿಡಿ, ಉಳಿದವು ಬಿದ್ದರೆ ತಿರುಗಿಯೂ ನೋಡಬೇಡಿ. ಮೊದಮೊದಲು ಹಾವಳಿ ಹೆಚ್ಚಬಹುದು. ಆಗ ಸೋತು ಎದ್ದು ಹೋದಿರೋ, ಇನ್ನಷ್ಟು ಹಟ ಹಿಡಿದರೆ ಗೆಲ್ಲಬಹುದೆಂದು ನೀವೇ ಹೇಳಿಕೊಟ್ಟಂತಾಗುತ್ತದೆ.

ಬೆಕ್ಕು ಹೆಚ್ಚು ಚುರುಕಾಗಿರುವುದು ಮುಂಜಾವು, ಮುಸ್ಸಂಜೆಗಳಲ್ಲಿ. ಆ ಹೊತ್ತಿಗೆ 10ರಿಂದ 15 ನಿಮಿಷ, ಕೋಲಿಗೆ ದಾರದಿಂದ ಕಟ್ಟಿದ ಗರಿಯನ್ನು ನೆಲದ ಮೇಲೆ ಅದರಿಂದ ದೂರಕ್ಕೆ ಎಳೆಯುತ್ತ ಆಡಿಸಿ. ಮುಖಕ್ಕೆ ಹಿಡಿದರೆ ಆಡದು. ಯಾವ ಇಲಿಯೂ ಬೆಕ್ಕಿನತ್ತ ಓಡಿ ಬರುವುದಿಲ್ಲವಲ್ಲ! ನಡುನಡುವೆ ಹಿಡಿಯಲು ಬಿಡಿ, ಕೊನೆಗೆ ಊಟ ಹಾಕಿ. ತಿಂದು, ಮೈ ನೆಕ್ಕಿಕೊಂಡು ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಲೇಬೇಕು. ನುಂಗಿದ ದಾರ ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಲ್ಲದು. ಬಾಯಲ್ಲೋ ಹಿಂಭಾಗದಲ್ಲೋ ತುದಿ ಕಂಡರೆ ಎಳೆಯಬೇಡಿ, ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ.

ಪ್ರಶ್ನೆ: ಲೇಸರ್ ಚುಕ್ಕಿಯ ಹಿಂದೆ ಓಡಿಸಬಹುದೇ? ನೋಡಲು ಬಲು ಮಜಾ.

ಉತ್ತರ: ಮಜಾ ನಿಮಗೆ. ಚುಕ್ಕಿ ಎಂದೂ ಪಂಜಕ್ಕೆ ಸಿಗದು. ಕೆಲವು ಬೆಕ್ಕುಗಳು ಆಮೇಲೆ ಗೋಡೆಯ ನೆರಳುಗಳನ್ನೂ ಬೆನ್ನಟ್ಟತೊಡಗುತ್ತವೆ. ಆಡಿಸಲೇಬೇಕೆಂದರೆ ಕಿರಣ ಕಣ್ಣಿಗೆ ತಾಗದಂತೆ ಹಿಡಿಯಿರಿ, ಕೊನೆಗೆ ಚುಕ್ಕಿಯನ್ನು ಒಂದು ತಿನಿಸಿನ ಮೇಲೆ ನಿಲ್ಲಿಸಿ ಆರಿಸಿ.