ಪಶುಪಾಲಕರ ಪ್ರಶ್ನೆ, ಪಶುವೈದ್ಯರ ಉತ್ತರ: ಹಸುವಿನ ಹೊಟ್ಟೆಯೊಳಗಿನ ಜೀವಾಣುಗಳು

ಪ್ರಶ್ನೆ: ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ನಮ್ಮ ಹಸು ಒಂದೇ ಸಲಕ್ಕೆ ಅರ್ಧ ಪುಟ್ಟಿ ತಿಂದುಬಿಟ್ಟಿತು. ಮಾರನೆಯ ಬೆಳಿಗ್ಗೆ ಮೆಲುಕು ನಿಂತಿತ್ತು, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತಿತ್ತು. ಅನ್ನ ಹಳಸಿರಲಿಲ್ಲ. ಆದರೂ ಹೀಗೇಕಾಯಿತು? (ಚನ್ನರಾಯಪಟ್ಟಣದ ಓದುಗರು)

ಉತ್ತರ: ಹಸುವಿನ ದೊಡ್ಡ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಆ ದ್ರವದ ಒಂದೊಂದು ಮಿಲಿಲೀಟರಿನಲ್ಲೂ ಸಾವಿರ ಕೋಟಿಗಿಂತ ಹೆಚ್ಚು ಬ್ಯಾಕ್ಟೀರಿಯಾ ಬದುಕುತ್ತವೆ. ಜೊತೆಗೆ ಲಕ್ಷಗಟ್ಟಲೆ ಪ್ರೊಟೊಜೋವಾ (ಏಕಕೋಶ ಜೀವಿಗಳು), ಒಂದಿಷ್ಟು ಶಿಲೀಂಧ್ರ. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿನ ಸ್ವಂತ ಜೀರ್ಣರಸಕ್ಕಿಲ್ಲ, ಆ ಕೆಲಸ ಇವುಗಳದ್ದೇ. ನಾರನ್ನು ಹುದುಗಿಸಿ ಇವು ಬಿಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಿಂದಲೇ ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಸಿಗುತ್ತದೆ. ಇದೆಲ್ಲ ಸರಿಯಾಗಿ ನಡೆಯಲು ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ ಇರಬೇಕು.

ಬೆಂದ ಅನ್ನದ ಪಿಷ್ಟ ಹುಲ್ಲಿನ ನಾರಿಗಿಂತ ಎಷ್ಟೋ ಪಟ್ಟು ಬೇಗ ಹುದುಗುತ್ತದೆ. ಅದು ಒಮ್ಮೆಲೇ ಬಂದು ಬಿದ್ದರೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ವಿಪರೀತ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತದೆ. ಆ ಆಮ್ಲವನ್ನು ಉಣ್ಣುವ ಬೇರೆ ಬ್ಯಾಕ್ಟೀರಿಯಾಗಳೂ ಅಲ್ಲಿವೆ, ಆದರೆ ಅವು ಬೆಳೆಯುವುದು ನಿಧಾನ. ಪಿಎಚ್ 5.5ಕ್ಕಿಂತ ಕೆಳಗಿಳಿದಂತೆ ನಾರು ಕರಗಿಸುವವು ಕೆಲಸ ನಿಲ್ಲಿಸುತ್ತವೆ, ಪ್ರೊಟೊಜೋವಾಗಳು ಸಾಯುತ್ತವೆ. ಇನ್ನೂ ಇಳಿದರೆ ಆಮ್ಲವನ್ನು ಸಹಿಸುವ ಲ್ಯಾಕ್ಟೊಬ್ಯಾಸಿಲಸ್‌ಗಳದ್ದೇ ರಾಜ್ಯ. ಹೊಟ್ಟೆಯ ದ್ರವ ಗಾಢವಾಗಿ, ರಕ್ತದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆ ನೀರು ತುಂಬಿ ಕುಲುಕುತ್ತಿದ್ದರೂ ಕಣ್ಣು ಗುಳಿ ಬೀಳುವುದು ಇದರಿಂದಲೇ. ಅನ್ನದಂತೆಯೇ ಮುದ್ದೆ, ಹಿಟ್ಟು, ಬೆಲ್ಲ, ಚೀಲ ಕಿತ್ತು ತಿಂದ ಜೋಳ ಕೂಡ ಅಪಾಯಕಾರಿ.

ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣ ಕಾಣುವವರೆಗೆ ಕಾಯದೆ, ಪಶು ಸಹಾಯವಾಣಿ 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಕರೆ ಮಾಡಿ. ಜಾಸ್ತಿ ತಿಂದಿದ್ದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಉಳಿದ ಅನ್ನ, ಹಿಂಡಿ, ಬೂಸಾ ಎಲ್ಲ ದೂರ ಸರಿಸಿ, ಒಣ ರಾಗಿ ಹುಲ್ಲು ಮಾತ್ರ ಹಾಕಿ. ಹುಲ್ಲು ಅಗಿದಷ್ಟೂ ಜೊಲ್ಲು ಬರುತ್ತದೆ, ಜೊಲ್ಲಿನಲ್ಲಿ ಆಮ್ಲ ತಗ್ಗಿಸುವ ಸೋಡಾ ಅಂಶವಿದೆ. ಬಕೆಟ್‌ಗಟ್ಟಲೆ ನೀರನ್ನು ಒಮ್ಮೆಲೇ ಕುಡಿಯಲು ಬಿಡಬೇಡಿ. ಹಸು ನಿಂತಿದ್ದು, ಚೆನ್ನಾಗಿ ನುಂಗುತ್ತಿದ್ದು, ಹೊಟ್ಟೆ ಉಬ್ಬರಿಸಿರದಿದ್ದರೆ ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಗೊಟ್ಟ (ಔಷಧ ಕುಡಿಸುವ ಕೊಳವೆ) ಹಿಡಿಯುವಾಗ ತಲೆಯನ್ನು ಮೇಲಕ್ಕೆತ್ತಿ ನಾಲಿಗೆ ಎಳೆದರೆ ದ್ರವ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮಲಗಿ ಏಳಲಾಗದ ಹಸುವಿಗೆ ಬಾಯಿಂದ ಏನನ್ನೂ ಕುಡಿಸಬಾರದು. ಅದಕ್ಕೆ ಬೇಕಾದದ್ದು ರಕ್ತನಾಳದ ಮೂಲಕ ದ್ರಾವಣ.

ಆರೋಗ್ಯವಂತ ಹಸುವಿನ ಹೊಟ್ಟೆಯಿಂದ ನಳಿಕೆಯಲ್ಲಿ ತೆಗೆದ ದ್ರವವನ್ನು ಕಾಯಿಲೆಯ ಹಸುವಿಗೆ ಹಾಕುವುದು ಒಳ್ಳೆಯ ಚಿಕಿತ್ಸೆ. ವೈದ್ಯರು ಮೂರರಿಂದ ಐದು ಲೀಟರ್ ತೆಗೆದು ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ಹಾಕುತ್ತಾರೆ. ಈ ಜೀವಾಣುಗಳಿಗೆ ಗಾಳಿಯೂ ತಂಪೂ ಆಗದು. ಆಮ್ಲ ಇಳಿಯುವ ಮೊದಲೇ ಹಾಕಿದರೆ ಹೊಸ ಜೀವಾಣುಗಳೂ ಅಲ್ಲೇ ಸಾಯುತ್ತವೆ, ಆದ್ದರಿಂದ ಸೋಡಾ ಮೊದಲು, ದ್ರವ ಆಮೇಲೆ.

ಹಸು ಚೇತರಿಸಿಕೊಂಡ ಮೇಲೂ ಕೆಲವು ವಾರ ಗೊರಸು ನೋಡುತ್ತಿರಿ, ಕುಂಟು ಬರಬಹುದು. ಇನ್ನು ಕರು ಹಾಕಿದ ಹಸುವಿಗೆ ಹಿಂಡಿ ಹೆಚ್ಚಿಸುವಾಗಲೂ ಇದೇ ಎಚ್ಚರ ಬೇಕು: ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಕಿಲೋ, ಅದಕ್ಕಿಂತ ಹೆಚ್ಚು ಬೇಡ. ಹೊಸ ಮೇವಿಗೆ ಹೊಟ್ಟೆಯ ಜೀವಾಣುಗಳು ಹೊಂದಿಕೊಳ್ಳಲು ಎರಡು ಮೂರು ವಾರ ಹಿಡಿಯುತ್ತದೆ.

ಪ್ರಶ್ನೆ: ಎಂಟು ದಿನದ ಕರುವಿಗೆ ಹಳದಿ ಭೇದಿ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಆಂಟಿಬಯೋಟಿಕ್ ಮಾತ್ರೆ ನುಂಗಿಸಿದರೂ ನಿಲ್ಲಲಿಲ್ಲ. ಹಾಲು ನಿಲ್ಲಿಸಬೇಕೆ? (ಶಿರಾದ ಓದುಗರು)

ಉತ್ತರ: ಹಾಲು ನಿಲ್ಲಿಸಬೇಡಿ. ಹಾಲು ನಿಂತ ಕರು ಭೇದಿಯ ಜೊತೆಗೆ ಹಸಿವಿನಿಂದಲೂ ಸೋಲುತ್ತದೆ.

ಕರುವಿನ ವಯಸ್ಸು ಒಂದು ಸುಳಿವು ಕೊಡುತ್ತದೆ. ಮೊದಲ ನಾಲ್ಕೈದು ದಿನದ ನೀರು ಭೇದಿ ಹೆಚ್ಚಾಗಿ ಇ. ಕೋಲಿ ಬ್ಯಾಕ್ಟೀರಿಯಾದ್ದು. ಒಂದು ವಾರದ ಆಸುಪಾಸಿನಲ್ಲಿ ರೋಟಾ, ಕೊರೊನಾ ಜಾತಿಯ ವೈರಸ್‌ಗಳು, ಇಲ್ಲವೇ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ. (ದನದ ಕೊರೊನಾ ಬೇರೆ, ಕೋವಿಡ್‌ನದು ಬೇರೆ.) ವೈರಸ್ ಕರುಳಿನ ಒಳಮೈಯ ಸಣ್ಣ ಎಳೆಗಳನ್ನು ಸವೆಸುವುದರಿಂದ ಹಾಲಿನ ಸಕ್ಕರೆ ಜೀರ್ಣವಾಗದೆ ಉಳಿದು ನೀರನ್ನು ಎಳೆಯುತ್ತದೆ. ಆಂಟಿಬಯೋಟಿಕ್‌ಗೆ ವೈರಸ್ ಮೇಲೆ ಹಿಡಿತವಿಲ್ಲ, ಸುಮ್ಮನೆ ನುಂಗಿಸಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಜ್ವರ, ರಕ್ತ ಭೇದಿ ಅಥವಾ ತೀರಾ ಮಂಕು ಇದ್ದರೆ ಆಂಟಿಬಯೋಟಿಕ್ ಬೇಕೇ ಎಂದು ವೈದ್ಯರು ನಿರ್ಧರಿಸಲಿ.

ಕರು ಸಾಯುವುದು ಹೆಚ್ಚಾಗಿ ನೀರು ಮತ್ತು ಲವಣ ಕಳೆದುಕೊಂಡು. ಒಂದು ಲೀಟರ್ ನೀರಿನ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಸರಿಯಾಗಿ ಒಂದು ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ, ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಸುಮಾರು ಒಂದು ಲೀಟರಿನಂತೆ ಕೊಡಿ. ಹಾಲಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಹಾಲಿಗೆ ಬೆರೆಸಿದರೆ ಹೊಟ್ಟೆಯಲ್ಲಿ ಹಾಲು ಸರಿಯಾಗಿ ಹೆಪ್ಪುಗಟ್ಟದು. ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಾದರೂ ಹಿಂದಕ್ಕೆ ಹೋಗದಿದ್ದರೆ, ಬಾಯಿ ತಣ್ಣಗಿದ್ದರೆ, ಬೆರಳು ಚೀಪದಿದ್ದರೆ ತಡಮಾಡದೆ ಡ್ರಿಪ್ ಹಾಕಿಸಬೇಕು. ಭೇದಿಯ ಕರುವನ್ನು ಬೇರೆ ಕಟ್ಟಿ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕ್ರಿಪ್ಟೊಸ್ಪೊರಿಡಿಯಂ ಮನೆಯ ಮಕ್ಕಳಿಗೂ ಅಂಟುತ್ತದೆ.

ಮುಂದಿನ ಕರುವಿಗೆ ಗಿಣ್ಣು ಹಾಲೇ ಕಾವಲು. ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಸಲ, 24 ಗಂಟೆಯೊಳಗೆ ಒಟ್ಟು ತೂಕದ ಹತ್ತನೇ ಒಂದು ಭಾಗ: 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಒಂದು ದಿನ ಕಳೆದರೆ ಗಿಣ್ಣಿನ ರೋಗನಿರೋಧಕಗಳು ಕರುಳನ್ನು ದಾಟಿ ರಕ್ತ ಸೇರುವುದಿಲ್ಲ. ಕಸ (ಮಾಸು) ಬೀಳಲೆಂದು ಕಾದು ಗಿಣ್ಣು ತಡಮಾಡುವ ರೂಢಿ ಎಷ್ಟೋ ಕರುಗಳನ್ನು ಕೊಂದಿದೆ. ದಯವಿಟ್ಟು ಕಾಯಬೇಡಿ.

ಪ್ರಶ್ನೆ: ಆರೋಗ್ಯವಾಗಿರುವ ಹಸುವಿನ ಹೊಟ್ಟೆಯಲ್ಲೂ ವೈರಸ್ ಇರುತ್ತವಂತೆ, ನಿಜವೇ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ನಿಜ, ಅಪಾರ ಸಂಖ್ಯೆಯಲ್ಲಿವೆ. ಬಹುಪಾಲು ಬ್ಯಾಕ್ಟೀರಿಯೋಫೇಜ್‌ಗಳು, ಅಂದರೆ ಬ್ಯಾಕ್ಟೀರಿಯಾಗಳನ್ನು ಮಾತ್ರ ಹಿಡಿಯುವ ವೈರಸ್‌ಗಳು. ಹಸುವಿನ ಜೀವಕೋಶವನ್ನಾಗಲಿ ನಮ್ಮದನ್ನಾಗಲಿ ಇವು ಹೊಕ್ಕಲಾರವು. ಫೆಲಿಕ್ಸ್ ದೆರೆಲ್ ಎಂಬ ವಿಜ್ಞಾನಿ 1917ರಲ್ಲಿ ಇವಕ್ಕೆ ಈ ಹೆಸರಿಟ್ಟರು. ಒಂದೊಂದು ಫೇಜ್‌ಗೂ ತನ್ನದೇ ಬಗೆಯ ಬ್ಯಾಕ್ಟೀರಿಯಾ ಗೊತ್ತು. ಅದರೊಳಗೆ ಹೊಕ್ಕು ನೂರಾರಾಗಿ, ಅದನ್ನು ಒಡೆದು ಹೊರಬರಬಲ್ಲದು. ಯಾವುದೋ ಒಂದು ಬ್ಯಾಕ್ಟೀರಿಯಾ ಮಿತಿಮೀರದಂತೆ ತಡೆಯುವುದರಲ್ಲಿ ಇವುಗಳ ಪಾಲಿದೆ. ಹಸುವಿಗೆ ಸ್ವಲ್ಪ ನಷ್ಟವೂ ಇದೆ: ಇಡಿಯಾಗಿ ನಾಲ್ಕನೇ ಹೊಟ್ಟೆಗೆ (ಹಸುವಿನ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಕೊನೆಯದು) ಹೋದ ಬ್ಯಾಕ್ಟೀರಿಯಾ ಅಲ್ಲಿ ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಆಗುತ್ತದೆ, ದೊಡ್ಡ ಹೊಟ್ಟೆಯಲ್ಲೇ ಒಡೆದದ್ದನ್ನು ಉಳಿದ ಬ್ಯಾಕ್ಟೀರಿಯಾಗಳೇ ತಿಂದುಬಿಡುತ್ತವೆ.

ಪ್ರಶ್ನೆ: ಕರುವಿಗೆ ಹುಲ್ಲು ಯಾವಾಗಿಂದ? (ಕುಣಿಗಲ್‌ನ ಓದುಗರು)

ಉತ್ತರ: ಎರಡನೇ ವಾರದಿಂದ ಒಂದು ಹಿಡಿ ಕರು ಆಹಾರ, ಎಳೆಯ ಒಣಹುಲ್ಲು, ಪಕ್ಕದಲ್ಲೇ ಶುದ್ಧ ನೀರು ಇಡಿ. ಕರು ಕುಡಿದ ಹಾಲು ದೊಡ್ಡ ಹೊಟ್ಟೆಗೆ ಹೋಗದೆ ನೇರ ನಾಲ್ಕನೆಯದಕ್ಕೆ ಇಳಿಯುತ್ತದೆ. ಬ್ಯಾಕ್ಟೀರಿಯಾ ನೆಲೆಯಾಗಲು ದೊಡ್ಡ ಹೊಟ್ಟೆಗೆ ಬೇಕಾದ ನೀರನ್ನು ಬೇರೆಯಾಗಿಯೇ ಕುಡಿಸಬೇಕು.