ನಡುಸಮುದ್ರದಲ್ಲಿ ಹಡಗು ಮುಳುಗಿದರೆ ಯಾರು ಬರುತ್ತಾರೆ?

ತುಮಕೂರಿನ ನಿಮ್ಮ ಮಗ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅಪಾಯವಾದರೆ ಕಾಪಾಡೋರು ಯಾರು ಅಂತ ಕೇಳಿದ್ದೀರಿ. ಎಷ್ಟೋ ಸಲ ಮೊದಲು ಬರುವುದು ಹತ್ತಿರದಲ್ಲಿರುವ ಇನ್ನೊಂದು ಸರಕು ಹಡಗೇ. ಯಾವ ದೇಶದ್ದಾದರೂ ಸರಿ, ನೆರವಿಗೆ ಹೋಗಲೇಬೇಕೆಂಬ ನಿಯಮವಿದೆ. ಆದರೆ ಯಾರು ಎಲ್ಲಿಗೆ ಹೋಗಬೇಕು ಅಂತ ಹೇಳುವುದು ದಡದಲ್ಲಿರುವ ಒಂದೇ ಕೇಂದ್ರ.

1979ರ ಅಂತರರಾಷ್ಟ್ರೀಯ ಒಪ್ಪಂದದಂತೆ ಹೀಗೆ ಕಾಪಾಡುವ ಹೊಣೆಗಾಗಿ ದೇಶಗಳು ಸಮುದ್ರವನ್ನು ಹಂಚಿಕೊಂಡಿವೆ. ನಮ್ಮ ಪಾಲು ಸುಮಾರು 46 ಲಕ್ಷ ಚದರ ಕಿ.ಮೀ. ಅದನ್ನು ಕೋಸ್ಟ್ ಗಾರ್ಡ್ ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ಕೇಂದ್ರಗಳಿಂದ ನೋಡಿಕೊಳ್ಳುತ್ತದೆ. ಪೊಲೀಸ್ ಸ್ಟೇಷನ್ ಲಿಮಿಟ್ಸ್ ಇದ್ದ ಹಾಗೆ. ಆದರೆ ಇಲ್ಲಿ ‘ನಮ್ಮ ಲಿಮಿಟ್ಸ್ ಅಲ್ಲ’ ಅಂತ ಸುಮ್ನೆ ಕೂರುವ ಹಾಗಿಲ್ಲ. ಸರಿಯಾದ ಕೇಂದ್ರ ವಹಿಸಿಕೊಳ್ಳುವವರೆಗೆ, ಮೊದಲು ಸುದ್ದಿ ಸಿಕ್ಕವರೇ ಹೊಣೆ.

ಸುದ್ದಿ ಮುಟ್ಟುವ ದಾರಿ ನನಗೆ ಜಾಸ್ತಿ ಇಷ್ಟ. ಹಡಗಿನ ಡೆಕ್ ಮೇಲೆ ಬೀಕನ್ ಎಂಬ ಪುಟ್ಟ ಸಾಧನ ಇರುತ್ತದೆ. ಹಡಗು ಮುಳುಗಿದರೆ ನೀರಿನ ಒತ್ತಡಕ್ಕೆ ಅದು ತಾನೇ ಬಿಚ್ಚಿಕೊಂಡು ಮೇಲೆ ತೇಲುತ್ತದೆ. 406 ಮೆಗಾಹರ್ಟ್ಸ್‌ನಲ್ಲಿ, ಇಂಥ ಹಡಗು ಅಂತ ಗುರುತು ಸಮೇತ ಉಪಗ್ರಹಕ್ಕೆ ಸಂದೇಶ ಕಳಿಸುತ್ತದೆ. ನಮ್ಮ ಭಾಗದಲ್ಲಿ ಅದು ಬಂದು ಬೀಳುವುದು ಸಮುದ್ರವೇ ಇಲ್ಲದ ಬೆಂಗಳೂರಿಗೆ! ಬಸ್ಸಿನಲ್ಲಿ ಪೀಣ್ಯ ದಾಟಿ ಹೋಗ್ತೀರಲ್ವಾ, ಅಲ್ಲಿರುವ ಇಸ್ರೋ ಕೇಂದ್ರಕ್ಕೆ. ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ.

ಆಮೇಲೆ ಗಾಳಿ, ನೀರಿನ ಸೆಳೆತ ಲೆಕ್ಕ ಹಾಕಿ, ಜನ ಎತ್ತ ತೇಲಿರಬಹುದು ಅಂತ ಗುರುತಿಸಿ ಹಡಗು, ವಿಮಾನ ಕಳಿಸುತ್ತಾರೆ. ಸ್ಥಳದಲ್ಲಿ ನಾಲ್ಕಾರು ಹಡಗು ಸೇರಿದರೆ ಅವುಗಳಲ್ಲೊಂದಕ್ಕೆ ಉಸ್ತುವಾರಿ ವಹಿಸುತ್ತಾರೆ.